ಹಿತ್ತಲ ತೊಟ್ಟಿಯಲ್ಲಿ ನೈದಿಲೆ, ಗಪ್ಪಿ ಮೀನು

ಮೈಸೂರಿನ ನಮ್ಮ ಮನೆ ಹಿತ್ತಲಲ್ಲಿ, ಕರಿಬೇವಿನ ಗಿಡದಿಂದ ಸ್ವಲ್ಪ ದೂರಕ್ಕೆ, ಒಂದು ದುಂಡು ಸಿಮೆಂಟ್ ತೊಟ್ಟಿ ಇದೆ. 3 ಅಡಿ ಅಗಲ, ಒಂದೂವರೆ ಅಡಿ ಆಳ. ತುಂಬಿದರೆ ಸುಮಾರು 300 ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಒಂದು ನೈದಿಲೆ, ಒಂದು ಕುಂಡ ಬಜೆ, ಒಂದಿಷ್ಟು ಅಂತರಗಂಗೆ, ಜೊತೆಗೆ ಎಣಿಸೋಕೆ ಆಗದಷ್ಟು ಗಪ್ಪಿ ಮೀನು. ಮೋಟರ್ ಇಲ್ಲ, ಫಿಲ್ಟರ್ ಇಲ್ಲ. ನೋಡಿದವರೆಲ್ಲ ‘ನಾವೂ ಮಾಡ್ಬೇಕು’ ಅಂತಾರೆ. ಖಂಡಿತ ಮಾಡಿ. ಆದರೆ ತೊಟ್ಟಿ ತಂದ ವಾರಕ್ಕೇ ಮೀನು ಬಿಡಬೇಡಿ.

ನಾನು ಬಿಟ್ಟಿದ್ದೆ. ತೊಟ್ಟಿ ತಂದ ಮೂರನೇ ದಿನಕ್ಕೆ ಆರು ಗಪ್ಪಿ ತಂದು ಬಿಟ್ಟೆ. ಮಾರನೇ ಬೆಳಿಗ್ಗೆ ಆರೂ ತೇಲುತ್ತಿದ್ದವು. ಬಣ್ಣ ಮಾಸಿತ್ತು, ಮೈಮೇಲೆ ಬಿಳಿ ಲೋಳೆ ಕಟ್ಟಿತ್ತು. ನೀರಿಗೆ ಬೆರಳು ಅದ್ದಿ ಉಜ್ಜಿದರೆ ಸೋಪು ಸವರಿದ ಹಾಗೆ ಜಾರುತ್ತಿತ್ತು. ನಮ್ಮತ್ತೆ ಬಂದು ನೋಡಿ, ‘ಹೊಸ ತೊಟ್ಟಿಗೆ ಬಾಳೆದಿಂಡು ಹಾಕ್ಲಿಲ್ವೇನಮ್ಮಾ?’ ಅಂತ ಕೇಳಿದರು. ಅವರ ಊರಲ್ಲಿ ದನಕ್ಕೆ ನೀರಿಡುವ ಹೊಸ ತೊಟ್ಟಿಗೂ ಹಾಗೇ ಮಾಡುತ್ತಿದ್ದರಂತೆ. ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ಬಿಡುತ್ತಲೇ ಇರುತ್ತದೆ. ಆ ಖಾರಕ್ಕೆ ಮೀನಿನ ಕಿವಿರು ಸುಟ್ಟು ಹೋಗುತ್ತದೆ.

ಆಮೇಲೆ ಅತ್ತೆ ಹೇಳಿದ ಹಾಗೆ ಮಾಡಿದೆ. ತೊಟ್ಟಿ ತುಂಬಾ ನೀರು ತುಂಬಿ, ಬಾಳೆದಿಂಡನ್ನು ಗೇಣುದ್ದ ತುಂಡು ಮಾಡಿ ಹಾಕಬೇಕು. ಒಂದು ವಾರದಲ್ಲಿ ಕೊಳೆತು ವಾಸನೆ ಬರುತ್ತದೆ, ಸಹಿಸಿಕೊಳ್ಳಿ. ಎಲ್ಲ ಚೆಲ್ಲಿ, ತೆಂಗಿನ ನಾರಿನಿಂದ ಗೋಡೆ ಉಜ್ಜಿ. ಸೋಪು, ಪೌಡರ್ ಏನೂ ತಾಗಿಸಬಾರದು. ಮತ್ತೆ ತುಂಬಿ, ನಾಲ್ಕು ದಿನ ಬಿಟ್ಟು ಚೆಲ್ಲಿ. ಇದನ್ನು ಮೂರು ಸಲ ಮಾಡಿ. ಎಲ್ಲ ಸೇರಿ ಸುಮಾರು ಮೂರು ವಾರ. ಕೊನೆಗೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪಿಎಚ್ ಪಟ್ಟಿ ಅದ್ದಿ ನೋಡಿ. 7ರಿಂದ 8ರ ಒಳಗೆ ಬಂದರೆ ಸರಿ. ಅದಕ್ಕಿಂತ ಮೇಲಿದ್ದರೆ ಇನ್ನೊಂದು ಸಲ ಚೆಲ್ಲಿ. ಮನೆಯಲ್ಲಿ ಹಳೇ ಕಲ್ಲುಬಾನಿ ಇದ್ದರೆ ನೀವು ಪುಣ್ಯವಂತರು, ಈ ಕೆಲಸವೇ ಇಲ್ಲ. ಪ್ಲಾಸ್ಟಿಕ್ ಟಬ್ಬಿಗೂ ಬೇಕಿಲ್ಲ. ಆದರೆ ಕಪ್ಪು ಟಬ್ ಬಿಸಿಲಿಗೆ ಕಾದು ಹೋಗುತ್ತದೆ, ನೆರಳು ನೋಡಿ ಇಡಿ.

ಎಲ್ಲಿಡಬೇಕು ಅಂತ ಖಾಲಿ ಇರುವಾಗಲೇ ಯೋಚಿಸಿ. 300 ಲೀಟರ್ ನೀರು ಅಂದರೆ ನೀರೇ 300 ಕೆ.ಜಿ. ಆಮೇಲೆ ಅಲ್ಲಾಡಿಸೋಕಾಗಲ್ಲ. ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬೇಕು, ಇಲ್ಲಾಂದ್ರೆ ನೈದಿಲೆ ಬರೀ ಎಲೆ ಬಿಡುತ್ತದೆ. ಮಧ್ಯಾಹ್ನ ಎರಡರ ಮೇಲೆ ನೆರಳಿದ್ದರೆ ಒಳ್ಳೇದು. ಮರದ ಕೆಳಗೆ ಬೇಡ, ಬಿದ್ದ ಎಲೆ ಕೊಳೆತು ನೀರು ಕೆಡುತ್ತದೆ. ತೊಟ್ಟಿಯ ಅಂಚಿನಿಂದ ಎರಡು ಇಂಚು ಕೆಳಗೆ ಒಂದು ತೂತು ಮಾಡಿಸಿ, ಅದಕ್ಕೆ ಸೊಳ್ಳೆ ಜಾಲರಿ ಬಿಗಿದುಬಿಡಿ. ಇಲ್ಲದಿದ್ದರೆ ದೊಡ್ಡ ಮಳೆಗೆ ತೊಟ್ಟಿ ಉಕ್ಕಿ ಮೀನೆಲ್ಲ ಚರಂಡಿ ಪಾಲು. ಚಿಕ್ಕ ಮಕ್ಕಳಿರುವ ಮನೆಯಾದರೆ ಮೇಲೆ ಕಬ್ಬಿಣದ ಗ್ರಿಲ್ ಹಾಕಿಸದೆ ನೀರೇ ತುಂಬಬೇಡಿ. ಒಂದು ಅಡಿ ನೀರೂ ಮಗುವಿಗೆ ಅಪಾಯ.

ಈಗ ಗಿಡ. ಅಗಲವಾದ ಪ್ಲಾಸ್ಟಿಕ್ ಬೋಗುಣಿ ತಗೊಳ್ಳಿ. ತಳಕ್ಕೆ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಒಂದೇ ಹಿಡಿ, ಅದರ ಮೇಲೆ ಕೆರೆಗೋಡು ಅಥವಾ ಅಂಟುವ ಕೆಂಪುಮಣ್ಣು. ಹಸಿ ಸಗಣಿ ಹಾಕಿದರೆ ನೀರು ನಾರುತ್ತದೆ, ಕೋಕೋಪೀಟ್ ತೇಲುತ್ತದೆ. ನೈದಿಲೆ ಗೆಡ್ಡೆಯನ್ನು ಓರೆಯಾಗಿ ಇಟ್ಟು, ಚಿಗುರು ಮಣ್ಣಿಂದ ಮೇಲೆ ಕಾಣುವಂತೆ ನೆಡಿ. ಮೇಲೊಂದು ಇಂಚು ತೊಳೆದ ಸಣ್ಣ ಜಲ್ಲಿ ಹಾಸಿದರೆ ಮಣ್ಣು ಕದಡಲ್ಲ. ಮೊದಲು ಎರಡು ಇಟ್ಟಿಗೆ ಮೇಲೆ ಇಡಿ. ಎಲೆಗಳು ನೀರಿನ ಮೇಲೆ ಹರಡಿಕೊಂಡ ಮೇಲೆ ಇಟ್ಟಿಗೆ ಒಂದೊಂದೇ ತೆಗೆಯಿರಿ. ಬಜೆ ಕುಂಡ ಮಾತ್ರ ಮುಳುಗಬೇಕು, ಎಲೆ ಹೊರಗಿರಬೇಕು. ಅದನ್ನು ಅಂಚಿಗಿಡಿ. ಮೀನಿನ ಮರಿಗಳು ಅವಿತುಕೊಳ್ಳೋಕೆ, ನೀರೊಳಗೇ ಬೆಳೆಯುವ ಹೈಡ್ರಿಲಾ ಗಿಡ ಒಂದು ಹಿಡಿ ಇರಲಿ. ಅಂತರಗಂಗೆ ನಾಲ್ಕೇ ನಾಲ್ಕು ಹಾಕಿ. ತಿಂಗಳಲ್ಲಿ ತೊಟ್ಟಿ ಮುಚ್ಚಿಬಿಡುತ್ತದೆ. ಆಗ ಅರ್ಧ ಕಿತ್ತು ಗೊಬ್ಬರದ ಗುಂಡಿಗೆ ಹಾಕಿ. ನೀರಿನ ಮೇಲ್ಭಾಗ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಎಲೆಯಿಂದ ಮುಚ್ಚಿದ್ದರೆ ಪಾಚಿ ತಾನಾಗೇ ಕಡಿಮೆ ಇರುತ್ತದೆ.

ಗಿಡ ನೆಟ್ಟ ಮೇಲೆ ಎರಡು ವಾರ ಸುಮ್ನೆ ಬಿಡಿ. ಬೇರು ಹಿಡಿಯಲಿ, ಗೋಡೆಗೆ ಲೋಳೆ ಕಟ್ಟಲಿ. ಮುಂದೆ ಮೀನಿನ ಕಲ್ಮಶ ಕರಗಿಸುವ ಬ್ಯಾಕ್ಟೀರಿಯಾ ಬೆಳೆಯುವುದು ಆ ಲೋಳೆಯಲ್ಲೇ, ಉಜ್ಜಿ ತೆಗೆಯಬೇಡಿ. ಈ ಎರಡು ವಾರ ತೊಟ್ಟಿಗೆ ಸೊಳ್ಳೆಪರದೆ ಬಿಗಿಯಾಗಿ ಕಟ್ಟಲೇಬೇಕು. ಡೆಂಗಿ ತರುವ ಸೊಳ್ಳೆಗೆ ನಿಂತ ತಿಳಿನೀರೇ ಇಷ್ಟ. ಮೊಟ್ಟೆ ಇಟ್ಟು ಎಂಟು ಹತ್ತು ದಿನಕ್ಕೆ ಸೊಳ್ಳೆ ಹಾರುತ್ತದೆ. ಮೀನು ಬಂದ ಮೇಲೆ ಆ ಚಿಂತೆ ಇಲ್ಲ, ಮರಿಹುಳಗಳನ್ನು ಗಪ್ಪಿಗಳೇ ಹುಡುಕಿ ತಿನ್ನುತ್ತವೆ.

ಮೊದಲಿಗೆ ಎರಡು ಗಂಡು, ನಾಲ್ಕು ಹೆಣ್ಣು ಸಾಕು. ಕವರ್ ಸಮೇತ ಇಪ್ಪತ್ತು ನಿಮಿಷ ನೀರಲ್ಲಿ ತೇಲಿಬಿಡಿ. ಆಮೇಲೆ ಐದೈದು ನಿಮಿಷಕ್ಕೊಂದು ಲೋಟ ತೊಟ್ಟಿ ನೀರು ಕವರಿಗೆ ಸೇರಿಸಿ, ಕೊನೆಗೆ ಮೀನುಗಳನ್ನಷ್ಟೇ ತೊಟ್ಟಿಗೆ ಬಿಡಿ. ಗಪ್ಪಿ ಮೊಟ್ಟೆ ಇಡಲ್ಲ, ಮರಿ ಹಾಕುತ್ತದೆ. ಸುಮಾರು ತಿಂಗಳಿಗೊಂದು ಸಲ. ಹೈಡ್ರಿಲಾ ಮಧ್ಯೆ ಬಗ್ಗಿ ನೋಡಿ. ರೆಪ್ಪೆ ಕೂದಲಷ್ಟು ಮೈ, ಅದರ ತುದಿಗೆ ಎರಡು ಕಪ್ಪು ಚುಕ್ಕೆ. ಅವೇ ಕಣ್ಣು. ನಾನು ಮೊದಲ ಸಲ ಕಂಡಾಗ ಒಲೆ ಮೇಲೆ ಹಾಲಿಟ್ಟಿದ್ದೇ ಮರೆತುಹೋಗಿತ್ತು. ಗೋಲ್ಡ್‌ಫಿಶ್ ಮಾತ್ರ ಇಷ್ಟು ಸಣ್ಣ ತೊಟ್ಟಿಗೆ ಬೇಡ. ಬೆಳೆದು ದೊಡ್ಡದಾಗುತ್ತದೆ, ಗಿಡ ಕಿತ್ತು ಹಾಕುತ್ತದೆ, ನೀರು ಬೇಗ ಗಲೀಜು ಮಾಡುತ್ತದೆ.

ಊಟ ದಿನಕ್ಕೊಂದೇ ಸಲ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ಅಂದರೆ ಒಂದು ಚಿಟಿಕೆ. ಅನ್ನ, ಬ್ರೆಡ್ಡು ಹಾಕಬೇಡಿ. ಉಳಿದದ್ದು ಕೊಳೆತು ಅಮೋನಿಯಾ ಆಗುತ್ತದೆ. ವಾರ ಊರಿಗೆ ಹೋದರೆ ಪಾಚಿ, ಹುಳ ತಿಂದುಕೊಂಡು ಆರಾಮಾಗಿರುತ್ತವೆ. ‘ಸ್ವಲ್ಪ ಊಟ ಹಾಕ್ತಿರಿ’ ಅಂತ ಪಕ್ಕದ ಮನೆಯವರಿಗೆ ಹೇಳಿ ಹೋಗಬೇಡಿ, ಅವರು ಪ್ರೀತಿಯಿಂದ ಜಾಸ್ತಿ ಹಾಕಿಬಿಡುತ್ತಾರೆ.

ದಿನಾ ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಒಮ್ಮೆ ನೋಡಿ ಬನ್ನಿ. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಹಸಿವು ಅಂದುಕೊಳ್ಳಬೇಡಿ. ರಾತ್ರಿ ಗಿಡಗಳೂ ಆಮ್ಲಜನಕ ಎಳೆದುಕೊಳ್ಳುತ್ತವೆ, ಹಾಗಾಗಿ ನಸುಕಿಗೇ ಅದು ತೀರಾ ಕಡಿಮೆ. ಏಪ್ರಿಲ್, ಮೇ ಸೆಕೆಯಲ್ಲಿ ಇನ್ನೂ ಕಷ್ಟ, ಬಿಸಿನೀರಲ್ಲಿ ಗಾಳಿ ನಿಲ್ಲಲ್ಲ. ಒಂದು ಚೊಂಬಲ್ಲಿ ಅದೇ ನೀರು ಮೊಗೆದು ಎತ್ತರದಿಂದ ಸುರಿಯಿರಿ, ಹತ್ತು ನಿಮಿಷ. ಆಮೇಲೆ ಎರಡು ಬಕೆಟ್ ನೀರು ಬದಲಾಯಿಸಿ. ಕಾವೇರಿ ನೀರಾದರೆ ಕ್ಲೋರಿನ್ ಹೋಗಲು ಎರಡು ದಿನ ಬಾಯಿ ತೆರೆದ ಬಕೆಟ್ಟಲ್ಲಿಟ್ಟು ಹಾಕಬೇಕು. ಅದಕ್ಕೇ ನಮ್ಮ ಹಿತ್ತಲಲ್ಲಿ ಎರಡು ಬಕೆಟ್ ನೀರು ಯಾವಾಗಲೂ ರೆಡಿ ಇರುತ್ತದೆ, ಸೊಳ್ಳೆ ಕೂರದ ಹಾಗೆ ಜಾಲರಿ ಕಟ್ಟಿ. ಮಾಮೂಲು ದಿನಗಳಲ್ಲೂ ವಾರಕ್ಕೆ ಎರಡು ಬಕೆಟ್ ಬದಲಾಯಿಸುತ್ತೇನೆ. ತೆಗೆದ ನೀರು ಕರಿಬೇವಿಗೆ. ಆ ಗಿಡ ಈಗ ನನಗಿಂತ ಎತ್ತರ.

ಇನ್ನೊಂದು ಮಾತು. ಬೀದಿಗೆ ಸೊಳ್ಳೆ ಹೊಗೆ ಹಾಕುವವರು ಬಂದರೆ ತೊಟ್ಟಿಗೆ ತಕ್ಷಣ ಪ್ಲಾಸ್ಟಿಕ್ ಶೀಟ್ ಮುಚ್ಚಿ, ಹೊಗೆ ಕರಗಿದ ಮೇಲೆ ತೆಗೆಯಿರಿ. ಆ ಔಷಧಿ ಮೀನಿಗೆ ವಿಷ.

ಮೀನು ಜಾಸ್ತಿಯಾದರೆ ಕೆರೆಗೆ ಮಾತ್ರ ಬಿಡಬೇಡಿ. ಗಪ್ಪಿ ನಮ್ಮ ನೆಲದ ಮೀನಲ್ಲ, ದಕ್ಷಿಣ ಅಮೆರಿಕದ್ದು. ಕೆರೆಯ ಮೀನುಗಳ ಮೊಟ್ಟೆ, ಮರಿಗೆ ಕುತ್ತು ತರುತ್ತದೆ. ನಾನು ಕೇಳಿದವರಿಗೆ ಕೊಡುತ್ತೇನೆ. ಕೊಡುವ ಮೊದಲು ‘ತೊಟ್ಟಿ ಹೊಸದಾ, ನೀರು ತುಂಬಿ ಎಷ್ಟು ದಿನ ಆಯ್ತು’ ಅಂತ ವಿಚಾರಿಸುತ್ತೇನೆ. ಮೊನ್ನೆ ಹಿಂದಿನ ಬೀದಿಯ ಹುಡುಗ ಡಬ್ಬಿ ಹಿಡಿದು ಬಂದಿದ್ದ. ತೊಟ್ಟಿ ತಂದು ನಾಲ್ಕು ದಿನ ಅಂದ. ಅವನಿಗೆ ಎರಡು ತುಂಡು ಬಾಳೆದಿಂಡು ಕೊಟ್ಟು, ಮುಂದಿನ ತಿಂಗಳು ಬಾ ಅಂತ ಕಳಿಸಿದೆ.