ಓದುಗರ ಸಂಖ್ಯೆಯಿಂದ ಸಂಭಾವನೆಯ ಲೆಕ್ಕ ತೆಗೆಯುವುದು: ತುಮಕೂರಿನ ಲೇಖಕರಿಗೊಂದು ಮಾರ್ಗದರ್ಶಿ

ತಿಪಟೂರಿನ ಕೊಬ್ಬರಿ, ಪಾವಗಡದ ಸೌರ ವಿದ್ಯುತ್ ಪಾರ್ಕ್, ಮಧುಗಿರಿಯ ಬೆಟ್ಟ ಮುಂತಾದ ವಿಷಯಗಳ ಬಗ್ಗೆ ಜಾಲತಾಣಗಳಿಗೆ ಕನ್ನಡದಲ್ಲಿ ಬರೆಯುವವರು ತುಮಕೂರು ಜಿಲ್ಲೆಯಲ್ಲಿ ಈಗ ಅನೇಕರಿದ್ದಾರೆ. ಲೇಖನವೊಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿ ಸಾವಿರಾರು ಜನರನ್ನು ಮುಟ್ಟಿದರೂ ಬರೆದವರ ಬ್ಯಾಂಕ್ ಖಾತೆಗೆ ಏನೂ ಬಾರದೆ ಹೋಗುವುದುಂಟು. ಓದುಗರಿಗೂ ಹಣಕ್ಕೂ ನಡುವೆ ಒಂದು ಒಪ್ಪಂದವಿರುತ್ತದೆ. ಅದು ಬಾಯಿಮಾತಿನದಾಗಿರಬಹುದು, ಓದದೆಯೇ ಒಪ್ಪಿಕೊಂಡ ನಿಯಮಾವಳಿಯಾಗಿರಬಹುದು. ಹೆಚ್ಚು ಓದುಗರನ್ನು ಹುಡುಕುವ ಮೊದಲು ಆ ಒಪ್ಪಂದ ಯಾವ ಬಗೆಯದೆಂದು ತಿಳಿದುಕೊಳ್ಳಬೇಕು.

ಲೇಖನಕ್ಕೆ ಇಂತಿಷ್ಟು ಎಂದು ಕೊಡುವ ನಿಗದಿತ ಸಂಭಾವನೆಯಲ್ಲಿ ನೂರು ಜನ ಓದಿದರೂ ಲಕ್ಷ ಜನ ಓದಿದರೂ ಮೊತ್ತ ಒಂದೇ. ಜನಪ್ರಿಯತೆ ಉಪಯೋಗಕ್ಕೆ ಬರುವುದು ಮುಂದಿನ ಸಲ ದರ ಮಾತನಾಡುವಾಗ ಮಾತ್ರ. ಓದುಗರೇ ಚಂದಾ ಕೊಡುವ ವೇದಿಕೆಗಳಲ್ಲಿ ಎಷ್ಟು ಜನ ಬಂದರು ಎನ್ನುವುದಕ್ಕಿಂತ ಎಷ್ಟು ಜನ ಮುಂದಿನ ಕಂತಿಗೆ ಮರಳಿ ಬಂದರು ಎನ್ನುವುದು ಮುಖ್ಯ. ಧಾರಾವಾಹಿಗಳಿಗೆ ಇದು ಒಗ್ಗುತ್ತದೆ, ಬಿಡಿ ಲೇಖನಗಳಿಗೆ ಅಷ್ಟಾಗಿ ಒಗ್ಗುವುದಿಲ್ಲ. ಮೂರನೆಯದು ಜಾಹೀರಾತಿನ ಆದಾಯದಲ್ಲಿ ಪಾಲು. ಗೊಂದಲವೆಲ್ಲ ಇರುವುದು ಇಲ್ಲಿಯೇ ಆದ್ದರಿಂದ ಇದನ್ನು ಬಿಡಿಸಿ ನೋಡೋಣ.

ಗೂಗಲ್ ಆ್ಯಡ್‌ಸೆನ್ಸ್ ಎಂಬ, ತಾಣಗಳಲ್ಲಿ ಜಾಹೀರಾತು ತೋರಿಸಿ ಒಡೆಯರಿಗೆ ಹಣ ಕೊಡುವ ಸೇವೆ ಹಿಂದೆ ಮುಖ್ಯವಾಗಿ ಕ್ಲಿಕ್‌ಗಳ ಲೆಕ್ಕದಲ್ಲಿ ಹಣ ಕೊಡುತ್ತಿತ್ತು. 2023ರ ನವೆಂಬರ್‌ನಲ್ಲಿ ಪ್ರಕಟಿಸಿ 2024ರಲ್ಲಿ ಜಾರಿಗೆ ತಂದ ಬದಲಾವಣೆಯ ನಂತರ ಜಾಹೀರಾತು ಪರದೆಯ ಮೇಲೆ ಎಷ್ಟು ಸಲ ಕಾಣಿಸಿಕೊಂಡಿತು ಎಂಬ ಲೆಕ್ಕದಲ್ಲಿ ಕೊಡುತ್ತದೆ. ಗೂಗಲ್ ಆ್ಯಡ್ಸ್ (ಜಾಹೀರಾತುದಾರರು ಜಾಹೀರಾತು ಕೊಡಲು ಬಳಸುವ ಗೂಗಲ್ ಸೇವೆ) ಮೂಲಕ ಬಂದ ಜಾಹೀರಾತುಗಳಿಗೆ ಜಾಹೀರಾತುದಾರರು ತೆತ್ತ ಹಣದಲ್ಲಿ ಸುಮಾರು ಶೇಕಡಾ 68ರಷ್ಟು ತಾಣದ ಒಡೆಯರಿಗೆ ಸೇರುತ್ತದೆ. ಅದರಲ್ಲಿ ಲೇಖಕರಿಗೆ ಎಷ್ಟು ಎನ್ನುವುದನ್ನು ಗೂಗಲ್ ನಿರ್ಧರಿಸುವುದಿಲ್ಲ, ಒಡೆಯರೂ ಲೇಖಕರೂ ಮಾತನಾಡಿಕೊಳ್ಳಬೇಕು. ಹಾಗಾಗಿ ಸಂಪಾದಕರಿಂದ ಓದುಗರ ಸಂಖ್ಯೆಯ ಜೊತೆಗೆ ಇನ್ನೆರಡು ಅಂಕಿಗಳನ್ನು ಕೇಳಿ ಪಡೆಯಬೇಕು: ಸಾವಿರ ವೀಕ್ಷಣೆಗೆ ಈ ಪುಟದಿಂದ ಬಂದ ಆದಾಯ, ಅದರಲ್ಲಿ ನಿಮ್ಮ ಪಾಲು. ಸಾವಿರ ವೀಕ್ಷಣೆಗೆ ನಿಮ್ಮ ಪಾಲು 20 ರೂಪಾಯಿ ಎಂದು ಇಟ್ಟುಕೊಂಡರೆ, 800 ರೂಪಾಯಿಯ ನಿಗದಿತ ಸಂಭಾವನೆಗೆ ಸಮನಾಗಲು 40,000 ವೀಕ್ಷಣೆಗಳು ಬೇಕು. ನಿಮ್ಮ ಹಿಂದಿನ ಲೇಖನಗಳು ಅಷ್ಟು ದೂರ ಹೋಗಿವೆಯೇ ಎಂದು ನೋಡಿಕೊಂಡ ಮೇಲೆಯೇ ಪಾಲಿಗೆ ಒಪ್ಪಬೇಕು.

ಲೇಖನ ಎಷ್ಟು ಕಾಲ ಓದಿಸಿಕೊಳ್ಳುತ್ತದೆ ಎಂಬುದನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ತಿಪಟೂರು ಮಾರುಕಟ್ಟೆಯ ಆ ದಿನದ ಧಾರಣೆಯನ್ನು ತಿಳಿಸುವ ಬರಹಕ್ಕೆ ಹರಾಜಿನ ದಿನ ಓದುಗರು ಮುಗಿಬೀಳುತ್ತಾರೆ, ಮುಂದಿನ ವಾರಕ್ಕೆ ಅದನ್ನು ತೆರೆಯುವವರು ವಿರಳ. ತೆಂಗಿನಕಾಯಿಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಇಟ್ಟು ಉಂಡೆ ಕೊಬ್ಬರಿ ಮಾಡುವ ಕ್ರಮವನ್ನೋ, ಬೆಂಬಲ ಬೆಲೆ ಯೋಜನೆಯಲ್ಲಿ ಮಾರುವ ವಿಧಾನವನ್ನೋ ವಿವರಿಸಿದ ಲೇಖನ ಮೊದಲ ದಿನ ಸದ್ದು ಮಾಡದಿದ್ದರೂ ಗೂಗಲ್‌ನಲ್ಲಿ ಹುಡುಕಿ ಬರುವವರಿಂದ ವರ್ಷಗಟ್ಟಲೆ ಓದಿಸಿಕೊಳ್ಳಬಲ್ಲದು. ಅದರಲ್ಲಿ ಹಂಗಾಮಿನಿಂದ ಹಂಗಾಮಿಗೆ ಬದಲಾಗುವ ಅಂಕಿಯನ್ನು, ಉದಾಹರಣೆಗೆ ಉಂಡೆ ಕೊಬ್ಬರಿಗೆ 2025ರಲ್ಲಿ ಕ್ವಿಂಟಲ್‌ಗೆ 12,100 ರೂಪಾಯಿ ಎಂದಿದ್ದ ಬೆಂಬಲ ಬೆಲೆಯನ್ನು, ಹೊಸ ಘೋಷಣೆ ಬಂದ ಕೂಡಲೇ ತಿದ್ದುತ್ತಿರಬೇಕು. ನನ್ನ ಅಭಿಪ್ರಾಯದಲ್ಲಿ ದಿನದ ಬರಹಕ್ಕೆ ನಿಗದಿತ ಸಂಭಾವನೆಯನ್ನೇ ಕೇಳಬೇಕು, ಬಾಳಿಕೆಯ ಬರಹಕ್ಕೆ ಪಾಲು ಕೇಳಬೇಕು ಅಥವಾ ಅದನ್ನು ಸ್ವಂತ ತಾಣಕ್ಕೆ ಉಳಿಸಿಕೊಳ್ಳಬೇಕು. ಬಾಳಿಕೆಯ ಲೇಖನವನ್ನು ಒಂದು ಸಲದ ಸಣ್ಣ ಮೊತ್ತಕ್ಕೆ ಪೂರ್ತಿಯಾಗಿ ಬಿಟ್ಟುಕೊಡುವುದರಿಂದಲೇ ಜಿಲ್ಲೆಯ ಲೇಖಕರಿಗೆ ಹೆಚ್ಚಿನ ನಷ್ಟವಾಗುತ್ತದೆ.

ಒಪ್ಪಂದ ಬರಹದಲ್ಲಿರಲಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು ಹಕ್ಕುದಾರರ ಸಹಿ ಇರಲೇಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಅದೇ ಕಾಯ್ದೆಯ 19ನೆಯ ಕಲಮು ಹೇಳುತ್ತದೆ. ಪಾಲಿನ ಪ್ರಮಾಣ, ಪ್ರತಿ ತಿಂಗಳು ವೀಕ್ಷಣೆ ಮತ್ತು ಆದಾಯದ ವಿವರ ಕೊಡುವ ಹೊಣೆ, ಹಣ ಪಾವತಿಸುವ ದಿನಾಂಕ ಇವಿಷ್ಟನ್ನಾದರೂ ಬರೆಸಿಕೊಳ್ಳಿ. ಲೇಖನ ಇಷ್ಟು ಸಾವಿರ ವೀಕ್ಷಣೆ ದಾಟಿದರೆ ಹೆಚ್ಚುವರಿ ಮೊತ್ತ ಕೊಡತಕ್ಕದ್ದು ಎಂಬ ಒಂದು ಸಾಲನ್ನು ನಿಗದಿತ ಸಂಭಾವನೆಯ ಒಪ್ಪಂದಕ್ಕೂ ಸೇರಿಸಲು ಕೇಳಿನೋಡಬಹುದು.

ಸ್ವಂತ ತಾಣ ನಡೆಸುವವರು ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ ಜನ ಯಾವ ಪದಗಳನ್ನು ಹುಡುಕಿ ಬಂದರೆಂದು ವಾರಕ್ಕೊಮ್ಮೆಯಾದರೂ ನೋಡಬೇಕು. ಆ್ಯಡ್‌ಸೆನ್ಸ್ ಖಾತೆಯಲ್ಲಿ 10 ಡಾಲರ್ ಸೇರಿದಾಗ ವಿಳಾಸ ದೃಢೀಕರಣದ ಪಿನ್ ಅಂಚೆಯಲ್ಲಿ ಬರುತ್ತದೆ; ಹಳ್ಳಿಯಲ್ಲಿರುವವರು ಊರು, ಅಂಚೆ ಕಚೇರಿ, ತಾಲ್ಲೂಕುಗಳನ್ನು ಬಿಡದೆ ಬರೆದಿದ್ದರೆ ಮಾತ್ರ ಅದು ಕೈಸೇರುತ್ತದೆ. 100 ಡಾಲರ್ ತಲುಪುವವರೆಗೆ ಹಣ ಬಿಡುಗಡೆಯಾಗುವುದಿಲ್ಲ. ಸ್ನೇಹಿತರಿಗೆ ಹೇಳಿ ಜಾಹೀರಾತುಗಳ ಮೇಲೆ ಕ್ಲಿಕ್ ಮಾಡಿಸಿದರೆ ಖಾತೆಯೇ ರದ್ದಾಗಬಹುದು.

ತೆರಿಗೆಯ ಮಾತೂ ಇದೆ. ಒಂದೇ ಸಂಸ್ಥೆಯಿಂದ ವರ್ಷಕ್ಕೆ ಬರುವ ವೃತ್ತಿ ಶುಲ್ಕ 50,000 ರೂಪಾಯಿ ದಾಟಿದರೆ ಶೇಕಡಾ 10ರಷ್ಟು ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಕಡಿತವಾಗುತ್ತದೆ; 2025ರ ಏಪ್ರಿಲ್ 1ಕ್ಕೆ ಮೊದಲು ಈ ಮಿತಿ 30,000 ರೂಪಾಯಿ ಇತ್ತು. ಪ್ಯಾನ್ ಕೊಡದಿದ್ದರೆ ಕಡಿತ ಶೇಕಡಾ 20ಕ್ಕೇರುತ್ತದೆ. ಒಟ್ಟು ಆದಾಯ ತೆರಿಗೆಯ ಮಿತಿಯೊಳಗಿದ್ದರೂ ಕಡಿತವಾದ ಹಣವನ್ನು ಮರಳಿ ಪಡೆಯಲು ರಿಟರ್ನ್ ಸಲ್ಲಿಸಲೇಬೇಕು. ಅದಕ್ಕೆ ಮುನ್ನ, ಸಂಸ್ಥೆ ಕಡಿತ ಮಾಡಿದ ಮೊತ್ತ ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಇಲಾಖೆಯ ತಾಣದಲ್ಲಿ ಪರಿಶೀಲಿಸಿ, ಕಾಣದಿದ್ದರೆ ಸಂಸ್ಥೆಗೆ ಪತ್ರ ಬರೆದು ಸರಿಪಡಿಸಿಕೊಳ್ಳಿ.