ಕೂರಿಗೆ ನೆಲ್ಲು: ಕೆಟ್ಟ ಹೊಲಗಳು ಕಲಿಸಿದ್ದು

ಕಾಲುವೆ ನೀರು ಬರೋ ಮುಂಚೆ ಒಣ ಎರೆ ಮಣ್ಣಲ್ಲಿ (ಕಪ್ಪು ಮಣ್ಣಲ್ಲಿ) ಕೂರಿಗೆ ಹೂಡಿ ನೆಲ್ಲು ಬಿತ್ತೋದು ಹುಚ್ಚರ ಕೆಲಸ ಅಂತ ರಾಯಚೂರಿನ ಮಾನ್ವಿ ಕಡೆ ಅನ್ನದವರಿರಲಿಲ್ಲ. ಹೋದ ಮುಂಗಾರಿಗೆ ನಮ್ಮ ಕೂರಿಗೆ ಹೊಲದಲ್ಲಿ ಎಕರೆಗೆ 75 ಕೆ.ಜಿ.ಯ 36 ಚೀಲದ ಹತ್ತಿರ ಬಂತು. ಪಕ್ಕದ ನಾಟಿ ಗದ್ದೆಗಿಂತ ಎರಡು ಚೀಲ ಕಡಿಮೆ, ಆದರೆ ಸಸಿಮಡಿ, ಕೆಸರು ಹೊಡೆಯೋದು, ನಾಟಿ ಕೂಲಿ ಸೇರಿ ಸುಮಾರು ಎಂಟು ಸಾವಿರ ಉಳಿಯಿತು. ಈ ಲೆಕ್ಕದ ಮುಂದೆ ಈಗ ಯಾರೂ ವಾದಕ್ಕೆ ಬರೋದಿಲ್ಲ.

ಚೆನ್ನಾಗಿ ಬೆಳೆದ ಹೊಲ ನೋಡಿದರೆ ಯಾವ ಕೆಲಸ ಕೈಹಿಡಿಯಿತು ಅನ್ನೋದು ತಿಳಿಯೋದಿಲ್ಲ. ಕೆಟ್ಟ ಹೊಲದಲ್ಲಿ ತಪ್ಪಿನ ಗುರುತು ನಾಲ್ಕು ತಿಂಗಳು ಸಾಲಿಗೇ ನಿಂತಿರುತ್ತದೆ. ಊರವರು ಯಾರನ್ನು ದಡ್ಡರು ಅಂದರೋ ಅವರ ಬದುವಿನ ಮೇಲೆ ನಿಂತು ಬರೆದುಕೊಂಡದ್ದೇ ಇದೆಲ್ಲ.

ಮೊದಲು ಆಳ. ಸಡಿಲ ಮಣ್ಣಲ್ಲಿ ಕೂರಿಗೆಯ ತಾಳು (ಬೀಜ ಇಳಿಸೋ ಹಲ್ಲು) ಮೂರಿಂಚು ಇಳಿದ ಕಡೆ ಮೊಳಕೆ ಮೇಲೆ ಬರಲೇ ಇಲ್ಲ. ಕೆದಕಿದರೆ ಬಿಳಿ ಸುಳಿ ಒಳಗೇ ಸುರುಳಿ ಸುತ್ತಿತ್ತು. ಬೆರಳಿನ ಒಂದು ಗೆಣ್ಣು ಸಾಕು. ಬೀಜ ಎಕರೆಗೆ 10–12 ಕೆ.ಜಿ. "ಇರಲಿ" ಅಂತ 30 ಹಾಕಿದವರದು ಒತ್ತಾಗಿ ಬೆಳೆದು ಮಲಗಿತು, ರಸ ಹೀರೋ ಜಿಗಿಹುಳಕ್ಕೂ ಮನೆಯಾಯಿತು.

ಹಣ ನುಂಗೋದು ಕಳೆ. ಕಳೆ ಮೊಳೆಯದಂತೆ ತಡೆಯೋ ಪೆಂಡಿಮೆಥಾಲಿನ್, ಎಕರೆಗೆ 1.3 ಲೀಟರ್, ಅದನ್ನು ಒಣ ಹೆಂಟೆ ಮೇಲೆ ಹೊಡೆದರೆ ಔಷಧಿ ದುಡ್ಡು ಹೋದಂತೆ. ಈ ತಪ್ಪು ನಮ್ಮಲ್ಲೂ ಆಗಿದೆ, ಕೈಗಳೆಗೇ ಎಕರೆಗೆ ಆರು ಸಾವಿರ ಹೋಯಿತು. ಬಿತ್ತಿ, ತೇವ ಕೊಟ್ಟು, ಮೂರು ದಿನದೊಳಗೆ ಅದು ಹಸಿ ಮಣ್ಣಿಗೇ ಬೀಳಬೇಕು. 20 ದಿನದ ಆಸುಪಾಸು, ಕಳೆ ಮೂರು ಎಲೆ ಇದ್ದಾಗ, ಎದ್ದ ಕಳೆ ಕೊಲ್ಲೋ ಬಿಸ್ಪೈರಿಬ್ಯಾಕ್ ಎಕರೆಗೆ 100 ಎಂ.ಎಲ್. ಕಳೆ ಮೊಣಕಾಲಿಗೆ ಬಂದ ಮೇಲೆ ಹೊಡೆದವರಿಗೆ ಏನೂ ಸಿಗಲಿಲ್ಲ.

ತಿಂಗಳೊಳಗೆ ಪೈರು ಹಳದಿಯಾದರೆ ಎಲ್ಲರೂ ಯೂರಿಯಾ ಚೀಲ ಬಿಚ್ಚುತ್ತಾರೆ. ಕೆಳಗಿನ ಹಳೇ ಎಲೆ ಹಸಿರಿದ್ದು ಸುಳಿ ಮಾತ್ರ ಬಿಳಚಿದರೆ ಅದು ಕಬ್ಬಿಣದ ಕೊರತೆ. ನೀರು ನಿಲ್ಲದ ಎರೆಯಲ್ಲಿ ಕಬ್ಬಿಣ ಬೇರಿಗೆ ಸಿಗೋದಿಲ್ಲ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಅದರ ಅರ್ಧ ಸುಣ್ಣದ ತಿಳಿ, ವಾರ ಬಿಟ್ಟು ಎರಡು ಸಲ ಎಲೆಗೆ ಹೊಡೆಯೋದು.

ಅರ್ಧ ಎಕರೆಯಲ್ಲಿ ನೆಲ್ಲಿನ ಜೊತೆ ಡೈಂಚಾ ಅನ್ನೋ ಹಸಿರುಗೊಬ್ಬರದ ಗಿಡ ಬಿತ್ತಿ, 25 ದಿನಕ್ಕೆ ಅಗಲ ಎಲೆ ಗಿಡ ಸಾಯಿಸೋ 2,4-ಡಿ ಹೊಡೆದು ಒಣಗಿಸಿ ನೋಡಿದ್ದಾಯಿತು. ಕಳೆ ಚೆನ್ನಾಗಿ ತಗ್ಗಿತು. ಆದರೆ ಗಾಳಿಗೆ ಹಾರಿದ ಹನಿ ಪಕ್ಕದ ಹತ್ತಿ ಎಲೆಯನ್ನು ಕೋಳಿಪಾದದ ಹಾಗೆ ಸೆಟೆಸಿತು. ಹತ್ತಿ ಇರೋ ಕಡೆ ಇದರ ಗೊಡವೆಗೆ ಹೋಗಬೇಡಿ.

ಬೀಜ ನೆನೆಸೋ ನೀರಿಗೆ ಬೆರೆಸೋದು ಒಂದಿದೆ, ಇನ್ನೊಂದು ಬೆಳೆ ನೋಡೋತನಕ ಅದು ನನ್ನಲ್ಲೇ ಇರಲಿ. ಈ ಸಲ ಪಕ್ಕದವರು ಕೂರಿಗೆ ಕೇಳಿದ್ದಾರೆ. ತಾಳನ್ನು ಒಂದು ಗೆಣ್ಣಿಗೆ ಇಳಿಸಿ, ಬೋಲ್ಟ್ ಬಿಗಿದೇ ಕೊಡೋದು.