ಹೆಲ್ಮೆಟ್ ತಗೊಂಡೇ ಅಂಗಡಿಗೆ ಹೋಗಿ: ಗಾಳಿ ಸದ್ದು ತಡೆಯುವ ಇಯರ್‌ಬಡ್ ಆರಿಸುವುದು ಹೇಗೆ?

ಪುಣೆಯಲ್ಲಿ ಕೆಲಸಕ್ಕಿರುವ ನಮ್ಮ ಕಡೆಯವರು ಹಬ್ಬಕ್ಕೆ ಬೈಕ್‌ ಮೇಲೇ ಊರಿಗೆ ಹೊರಡುವುದು ಈಗ ಮಾಮೂಲು. ಕಾತ್ರಜ್ ದಾಟಿ ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ ಮೇಲೆ ಬೆಳಗಾವಿಗೆ ಕೆಲವರು. ಭಿಗವಣ, ಇಂದಾಪುರ, ಸೊಲ್ಲಾಪುರ ಮೇಲೆ ವಿಜಯಪುರ, ಕಲಬುರಗಿ ಕಡೆಗೆ ಇನ್ನು ಕೆಲವರು. ತಾಸುಗಟ್ಟಲೆ ಗಾಡಿ ಹೊಡೆದು, ಮನೆ ಮುಂದೆ ನಿಲ್ಲಿಸಿ ಹೆಲ್ಮೆಟ್ ತೆಗೆದ ಮೇಲೂ ಕಿವಿಯಲ್ಲಿ ಗುಂಯ್ ಅಂತಿರುತ್ತದೆ, ಅವ್ವ ಏನೋ ಕೇಳಿದರೆ ‘ಏನಂದಿ?’ ಅಂತ ಎರಡು ಸಲ ಕೇಳಬೇಕಾಗುತ್ತದೆ. ದಣಿವು ಅಂದುಕೊಂಡು ಸುಮ್ಮನಾಗುತ್ತೇವೆ. ಆದರೆ ಅದು ಗಾಳಿ ಸದ್ದಿನಿಂದ ಕಿವಿಗೆ ಬಿದ್ದ ಪೆಟ್ಟು.

ಇದಕ್ಕೆ ಇಯರ್‌ಬಡ್ ಒಂದು ಉಪಾಯ. ಆದರೆ ಸರಿಯಾದದ್ದನ್ನು ಆರಿಸಿದರೆ ಮಾತ್ರ. ತಪ್ಪು ಬಡ್ ಹಾಕಿಕೊಂಡರೆ ಗಾಳಿ ಸದ್ದಿನ ಮೇಲೆ ಹಾಡಿನ ಸದ್ದೂ ಸೇರಿ ಕಿವಿ ಇನ್ನೂ ಬೇಗ ಹಾಳಾಗುತ್ತದೆ. ಹಾಗಾಗಿ ಬಾಸ್ ಹೇಗಿದೆ, ಬ್ಯಾಟರಿ ಎಷ್ಟು ಬರುತ್ತೆ ಅನ್ನೋದೆಲ್ಲ ಆಮೇಲೆ. ಮೊದಲು ಕೇಳಬೇಕಾದ್ದು ಒಂದೇ: ಇದು ಹೊರಗಿನ ಸದ್ದನ್ನು ಎಷ್ಟು ತಡೆಯುತ್ತದೆ?

ಮೊದಲು ಸದ್ದು ಎಲ್ಲಿಂದ ಬರುತ್ತೆ ನೋಡಿ

ಗಾಡಿ 60-70 ಕಿ.ಮೀ. ವೇಗ ದಾಟಿದ ಮೇಲೆ ಕಿವಿಗೆ ಜಾಸ್ತಿ ಬಡಿಯುವುದು ಇಂಜಿನ್ ಸದ್ದಲ್ಲ, ಗಾಳಿ. ಹೆಲ್ಮೆಟ್ಟಿನ ಕೆಳ ಅಂಚು, ಗದ್ದದ ಭಾಗ, ಗಾಜಿನ ಸಂದು, ಇಲ್ಲೆಲ್ಲ ಗಾಳಿ ಸುಳಿ ಸುತ್ತಿ ಧಡಧಡ ಅನ್ನುತ್ತದೆ. ನೂರರ ವೇಗದಲ್ಲಿ ಒಳ್ಳೆಯ ಫುಲ್‌ಫೇಸ್ ಹೆಲ್ಮೆಟ್ಟಿನೊಳಗೂ ಈ ಸದ್ದು ನೂರು ಡೆಸಿಬೆಲ್ ಆಸುಪಾಸಿಗೆ ಹೋಗುತ್ತದೆ. ಅಮೆರಿಕದ ನಿಯೋಶ್ ಸಂಸ್ಥೆ ಕೆಲಸಗಾರರ ಕಿವಿಗೆ ಹಾಕಿಕೊಟ್ಟಿರುವ ಲೆಕ್ಕ ಹೀಗಿದೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಇರಬಹುದು, ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಆ ಹೊತ್ತು ಅರ್ಧ ಆಗುತ್ತಾ ಹೋಗುತ್ತದೆ. 88ಕ್ಕೆ 4 ತಾಸು, 91ಕ್ಕೆ 2 ತಾಸು. ಹೀಗೇ ಲೆಕ್ಕ ಹಾಕಿದರೆ ನೂರು ಡೆಸಿಬೆಲ್‌ಗೆ ಸಿಗುವುದು ಬರೀ 15 ನಿಮಿಷ. ಹೈವೇಯಲ್ಲಿ ಆ ವೇಗದಲ್ಲೇ ಹೋಗುತ್ತಿದ್ದರೆ ಮೊದಲ ಚಹಾ ಸಿಗುವ ಮುಂಚೆಯೇ ಕಿವಿಯ ಆ ದಿನದ ಪಾಲು ಮುಗಿದಿರುತ್ತದೆ ಅಲ್ವಾ?

ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಸಣ್ಣ ಕೋಶಗಳಿವೆ. ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನಾನು ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಹೆಲ್ಮೆಟ್ ತಲೆಯನ್ನು ಕಾಯುತ್ತದೆ, ಕಿವಿಯನ್ನು ಅಷ್ಟಾಗಿ ಕಾಯುವುದಿಲ್ಲ. ಗಾಳಿಯ ಸದ್ದಿನಲ್ಲಿ ಹೆಚ್ಚಿನದು ಗುಮ್ಮನೆಯ ಕೆಳ ಸ್ವರ. ಅದನ್ನು ತಡೆಯುವುದು ಹೆಲ್ಮೆಟ್ಟಿನ ಥರ್ಮಾಕೋಲಿಗೆ ಆಗುವ ಮಾತಲ್ಲ. ಕಿವಿಯ ರಂಧ್ರವನ್ನೇ ಬಿಗಿಯಾಗಿ ಮುಚ್ಚಬೇಕು.

ಯಾವ ಬಗೆಯ ಬಡ್?

ರಬ್ಬರ್ ಟಿಪ್ ಇಲ್ಲದೆ ಕಿವಿಯ ಬಾಯಲ್ಲಿ ಸುಮ್ನೆ ಕೂರುವ ಬಡ್‌ಗಳನ್ನು ಮೊದಲು ಪಕ್ಕಕ್ಕಿಡಿ. ಕಿವಿಗೆ ಕೊಕ್ಕೆ ಹಾಕಿ ಹೊರಗೇ ನಿಲ್ಲುವ ‘ಓಪನ್ ಇಯರ್’ ಬಡ್‌ಗಳು, ಮೂಳೆಯ ಮೂಲಕ ಕೇಳಿಸುವ ಬೋನ್ ಕಂಡಕ್ಷನ್ ಹೆಡ್‌ಫೋನ್‌ಗಳೂ ಹಾಗೇ. ಪಾರ್ಕಿನಲ್ಲಿ ವಾಕಿಂಗ್ ಮಾಡುವವರಿಗೆ ಅವು ಚೆನ್ನ, ಹೆಲ್ಮೆಟ್ ಒಳಗೆ ಅವು ತಡೆಯುವ ಸದ್ದು ಸೊನ್ನೆ. ಗಾಳಿ ಮೀರಿ ಹಾಡು ಕೇಳಿಸಲಿ ಅಂತ ನೀವು ವಾಲ್ಯೂಮ್ ಏರಿಸುತ್ತೀರಿ, ಇನ್ನೂ ಏರಿಸುತ್ತೀರಿ.

ಉಳಿದವು ಟಿಪ್ ಇರುವ ಇನ್-ಇಯರ್ ಬಡ್‌ಗಳು. ಇವುಗಳಲ್ಲಿ ಆಕಾರ ನೋಡಿ. ಕೆಳಗೆ ಕಡ್ಡಿ ಇಳಿಬಿಟ್ಟಿರುವ ಬಡ್‌ಗಳು ಹೆಲ್ಮೆಟ್ ಹಾಕುವಾಗ ಕೆನ್ನೆಯ ಪ್ಯಾಡಿಗೆ ಸಿಕ್ಕಿ ತಿರುಗಿಬಿಡುತ್ತವೆ, ತೆಗೆಯುವಾಗ ಕಿತ್ತು ಬಿದ್ದುಹೋಗುತ್ತವೆ. ಕಿವಿಯ ತಗ್ಗಿನೊಳಗೇ ಅಡಗಿ ಕೂರುವ ಚಿಕ್ಕ ಬಡ್ ಬೇಕು. ಮನೆಯಲ್ಲೇ ಸುಲಭವಾಗಿ ಪರೀಕ್ಷೆ ಮಾಡಬಹುದು. ಬಡ್ ಹಾಕಿಕೊಂಡು ಆ ಮಗ್ಗುಲಿಗೆ ದಿಂಬಿನ ಮೇಲೆ ಹತ್ತು ನಿಮಿಷ ಮಲಗಿ. ಕಿವಿ ನೋಯದಿದ್ದರೆ, ಒತ್ತು ಬೀಳದಿದ್ದರೆ ಹೆಲ್ಮೆಟ್ಟಿನಲ್ಲೂ ಬಹುಮಟ್ಟಿಗೆ ನೋಯುವುದಿಲ್ಲ.

ವೈರಿನ ಬಡ್ ಅಂದರೆ ಈಗ ಹಳೇ ಕಾಲದ್ದು ಅಂತ ನೋಡುತ್ತಾರೆ. ಹೆಲ್ಮೆಟ್ ವಿಷಯದಲ್ಲಿ ನನಗೆ ಇವತ್ತಿಗೂ ಅದೇ ಇಷ್ಟ. ವೇದಿಕೆಯಲ್ಲಿ ಹಾಡುವವರು ಹಾಕಿಕೊಳ್ಳುವ ಬಗೆಯ ಬಡ್‌ಗಳಲ್ಲಿ ವೈರ್ ಕಿವಿಯ ಮೇಲಿಂದ ಹಿಂದಕ್ಕೆ ಸುತ್ತಿ ಇಳಿಯುತ್ತದೆ, ಬಡ್ ಕಿವಿಗೆ ಸಪಾಟಾಗಿ ಕೂರುತ್ತದೆ. ಶೂರ್ ಕಂಪನಿಯ ಎಸ್‌ಇ215 ಇಂಥದ್ದು, 37 ಡೆಸಿಬೆಲ್ ತನಕ ಸದ್ದು ತಡೆಯುತ್ತದೆ ಅಂತ ಕಂಪನಿ ಹೇಳುತ್ತದೆ. ಎಟಿಮೋಟಿಕ್ ಕಂಪನಿಯ ಇಆರ್ ಸರಣಿಯ ಬಡ್‌ಗಳು ಇನ್ನೂ ಆಳಕ್ಕೆ ಹೋಗುತ್ತವೆ. ಚಾರ್ಜಿಂಗ್ ತಲೆನೋವಿಲ್ಲ, ಒಂದು ಬಡ್ ಜಾರಿದರೂ ಜಾಕೆಟ್ಟಿನ ಮೇಲೇ ನೇತಾಡುತ್ತದೆ. ಆದರೆ ಫೋನಿನಲ್ಲಿ ಹೆಡ್‌ಫೋನ್ ಪಿನ್ ತೂರಿಸುವ ಜಾಗ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಟೈಪ್-ಸಿ ಕನೆಕ್ಟರ್ ಬೇಕಾಗುತ್ತದೆ. ವೈರನ್ನು ಕಡ್ಡಾಯವಾಗಿ ಜಾಕೆಟ್ ಒಳಗಿಂದಲೇ ಬಿಡಿ. ಹೊರಗೆ ಬಿಟ್ಟರೆ ಗಾಳಿಗೆ ಪಟಪಟ ಬಡಿದು ಆ ಸದ್ದೆಲ್ಲ ನೇರ ಕಿವಿಗೇ ಬರುತ್ತದೆ. ನೆಕ್‌ಬ್ಯಾಂಡ್ ಇರುವವರಿಗೂ ಇದೇ ಮಾತು. ಕಾಲರ್ ಒಳಗೆ ಸೇರಿಸಿ ಜಿಪ್ ಎಳೆದುಬಿಡಿ.

ವೈರ್‌ಲೆಸ್ ಬಡ್ಡೇ ಬೇಕು ಅನ್ನುವವರು ಟಚ್ ಕಂಟ್ರೋಲ್ ಬಂದ್ ಮಾಡಲು ಬರುತ್ತದಾ ಅಂತ ಕೊಳ್ಳುವ ಮುಂಚೆಯೇ ಕೇಳಿ. ಇದು ಚಿಕ್ಕ ವಿಷಯ ಅಲ್ಲ. ನನ್ನ ತಮ್ಮ ಚಾಕಣದಲ್ಲಿ ಕೆಲಸ ಮಾಡುತ್ತಾನೆ. ಅವನ ಹೆಲ್ಮೆಟ್ಟಿನ ಪ್ಯಾಡು ಬಡ್ಡಿಗೆ ತಾಗಿ ತಾಗಿ ಹಾಡು ತಾನಾಗೇ ನಿಲ್ಲುವುದು, ಮುಂದಕ್ಕೆ ಹಾರುವುದು, ಅಸಿಸ್ಟೆಂಟ್ ಎದ್ದು ಮಾತಾಡುವುದು, ಕೊನೆಗೆ ಸೊಲ್ಲಾಪುರದ ರಸ್ತೆಯಲ್ಲಿ ಬೇಡದ ಕಾಲ್ ಒಂದು ತಾನೇ ಎತ್ತಿಕೊಂಡಿದ್ದು, ಎಲ್ಲ ಆಯಿತು. ಆ್ಯಪ್‌ನಲ್ಲಿ ಟಚ್ ಬಂದ್ ಮಾಡಿದ ಮೇಲೆ ಸರಿಹೋಯಿತು. ಕೆಲವು ಅಗ್ಗದ ಬಡ್‌ಗಳಲ್ಲಿ ಆ ಸೌಲಭ್ಯವೇ ಇರುವುದಿಲ್ಲ. ಒತ್ತುವ ಗುಂಡಿ ಇರುವ ಬಡ್ಡನ್ನಂತೂ ತೆಗೆದುಕೊಳ್ಳಲೇಬೇಡಿ, ಪ್ರತಿ ಒತ್ತಿಗೂ ಅದು ಕಿವಿಯೊಳಗೆ ಚುಚ್ಚುತ್ತದೆ.

ಎಎನ್‌ಸಿ, ಅಂದರೆ ಮೈಕ್ ಇಟ್ಟು ಸದ್ದನ್ನು ಎಲೆಕ್ಟ್ರಾನಿಕ್ ಆಗಿ ಅಳಿಸುವ ವ್ಯವಸ್ಥೆ, ಇದರ ಬಗ್ಗೆ ಜನ ಬಹಳ ನಂಬಿಕೆ ಇಟ್ಟಿದ್ದಾರೆ. ಒಂದೇ ಸಮ ಬರುವ ಗುಮ್ಮನೆಯ ಸದ್ದಿಗೆ ಅದು ನಿಜಕ್ಕೂ ಕೆಲಸ ಮಾಡುತ್ತದೆ, ರೈಲಿನಲ್ಲಿ ಅದರ ಸುಖ ಗೊತ್ತಾಗುತ್ತದೆ. ಆದರೆ ಬೈಕ್ ಮೇಲೆ ಗಾಳಿ ಒಂದೇ ಸಮ ಇರುವುದಿಲ್ಲ. ಲಾರಿ ಪಕ್ಕ ಹಾದಾಗ ಒಂದು ಥರ, ಖಂಬಾಟಕಿ ಘಾಟಿನಲ್ಲಿ ಒಂದು ಥರ. ಗಾಳಿ ನೇರ ಮೈಕಿಗೆ ಬಡಿದರೆ ಎಎನ್‌ಸಿಯೇ ಗಲಿಬಿಲಿಗೊಂಡು ಕಿವಿಯಲ್ಲಿ ಡಬ್ ಡಬ್ ಅನ್ನುತ್ತದೆ. ಮುಖ ತೆರೆದ ಹೆಲ್ಮೆಟ್ಟಿನಲ್ಲಿ ಇದು ಇನ್ನೂ ಜಾಸ್ತಿ. ಬಾಕ್ಸಿನ ಮೇಲೆ ‘45 ಡೆಸಿಬೆಲ್ ತನಕ’ ಅಂತ ಬರೆದಿರುವುದು ಯಾವುದೋ ಒಂದು ಸ್ವರದಲ್ಲಿ ಸಿಕ್ಕ ಅತಿ ಹೆಚ್ಚಿನ ಅಂಕಿ, ಎಲ್ಲ ಸದ್ದಿಗೂ ಅಷ್ಟೇ ಅಂತ ಅಲ್ಲ. ಹಾಗಾಗಿ ಎಎನ್‌ಸಿ ಬಂದ್ ಮಾಡಿದಾಗಲೂ ಬಡ್ ಎಷ್ಟು ಸದ್ದು ತಡೆಯುತ್ತದೆ ಅನ್ನೋದನ್ನೇ ನೋಡಿ. ಅದರ ಮೇಲೆ ಎಎನ್‌ಸಿ ಸಿಕ್ಕರೆ ಲಾಭ.

ನೀರಿನ ಲೆಕ್ಕಕ್ಕೆ ಐಪಿಎಕ್ಸ್4, ಅಂದರೆ ಸಿಡಿಯುವ ನೀರನ್ನು ತಡೆಯುತ್ತದೆ ಅನ್ನುವ ಗುರುತು, ಇದ್ದರೆ ಸಾಕು. ಹೆಲ್ಮೆಟ್ ಒಳಗೆ ಬೆವರು, ಕತ್ತಿನಿಂದ ಸಿಡಿಯುವ ಹನಿ, ಇಷ್ಟೇ ತಾನೆ.

ಟಿಪ್‌ನಲ್ಲೇ ಇದೆ ಎಲ್ಲ

ಹತ್ತು ಸಾವಿರ ರೂಪಾಯಿಯ ಬಡ್‌ಗೆ ತಪ್ಪು ಅಳತೆಯ ಟಿಪ್ ಹಾಕಿದರೆ ಅದು ಸಾವಿರದ ಬಡ್‌ಗಿಂತ ಕಡೆ. ಡಬ್ಬಿಯಲ್ಲಿ ಮೂರು ಅಳತೆಯ ಸಿಲಿಕಾನ್ ಟಿಪ್ ಕೊಟ್ಟಿರುತ್ತಾರೆ, ಹೆಚ್ಚಿನವರು ಬಡ್ಡಿಗೆ ಮೊದಲೇ ಸಿಕ್ಕಿಸಿರುವ ಮಧ್ಯದ ಅಳತೆಯಲ್ಲೇ ವರ್ಷ ಕಳೆಯುತ್ತಾರೆ. ಮೂರನ್ನೂ ಹಾಕಿ ನೋಡಿ. ಎಡಗಿವಿ, ಬಲಗಿವಿ ಎರಡೂ ಒಂದೇ ಅಳತೆ ಇರಬೇಕು ಅಂತೇನಿಲ್ಲ. ಒಂದಕ್ಕೆ ಮಧ್ಯದ್ದು, ಇನ್ನೊಂದಕ್ಕೆ ದೊಡ್ಡದು ಬೇಕಾಗುವುದು ಸಾಮಾನ್ಯ.

ಬೈಕಿಗೆ ಫೋಮ್ ಟಿಪ್ ನನ್ನ ಮೊದಲ ಆಯ್ಕೆ. ಒತ್ತಿ ಸಣ್ಣ ಮಾಡಿ ಒಳಗೆ ಬಿಟ್ಟರೆ ಕಿವಿಯ ಆಕಾರಕ್ಕೇ ಉಬ್ಬಿಕೊಂಡು ಕೂರುತ್ತದೆ, ದವಡೆ ಆಡಿಸಿದರೂ ಸಂದು ಬಿಡುವುದಿಲ್ಲ. ಬೆವರು ಹೀರುತ್ತದೆ, ಕೆಲವು ತಿಂಗಳಿಗೆ ಬದಲಾಯಿಸಬೇಕು, ಅದೊಂದೇ ಖರ್ಚು. ಇನ್ನೊಂದು ಬಗೆ ಇದೆ. ಛತ್ರಿ ಮೇಲೆ ಛತ್ರಿ ಇಟ್ಟ ಹಾಗೆ ಎರಡು ಮೂರು ಪದರ ಇರುವ ಸಿಲಿಕಾನ್ ಟಿಪ್. ಅದು ಚೆನ್ನಾಗಿ ಸದ್ದು ತಡೆಯುತ್ತದೆ, ತೊಳೆಯಬಹುದು, ಆದರೆ ಆಳಕ್ಕೆ ಹೋಗುವುದರಿಂದ ಎಲ್ಲರಿಗೂ ಒಗ್ಗುವುದಿಲ್ಲ. ಟಿಪ್ ಬೇರೆಯಾಗಿ ಕೊಳ್ಳುವಾಗ ಬಡ್ಡಿನ ಮೂತಿಯ ದಪ್ಪ ನೋಡಿ ತನ್ನಿ. ದಪ್ಪನೆಯ ಫೋಮ್ ಟಿಪ್ ಹಾಕಿದ ಮೇಲೆ ಬಡ್ ಚಾರ್ಜಿಂಗ್ ಡಬ್ಬಿಯಲ್ಲಿ ಕೂರುತ್ತದಾ, ಮುಚ್ಚಳ ಮುಚ್ಚುತ್ತದಾ ಅನ್ನೋದನ್ನೂ ನೋಡಿ.

ಹಾಕುವ ಬಗೆಯೂ ಅಷ್ಟೇ ಮುಖ್ಯ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಬಲಗಿವಿಯ ತುದಿಯನ್ನು ಮೇಲಕ್ಕೆ, ಹಿಂದಕ್ಕೆ ಮೆಲ್ಲಗೆ ಎಳೆಯಿರಿ. ಕಿವಿಯ ಕೊಳವೆ ಸೊಟ್ಟಗಿರುತ್ತದೆ, ಹೀಗೆ ಎಳೆದರೆ ನೆಟ್ಟಗಾಗುತ್ತದೆ. ಆಗ ಬಲಗೈಯಿಂದ ಬಡ್ ಒಳಗೆ ಬಿಡಿ. ಫೋಮ್ ಆದರೆ ಇಪ್ಪತ್ತು ಮೂವತ್ತು ಸೆಕೆಂಡು ಬೆರಳಿನಲ್ಲಿ ಒತ್ತಿ ಹಿಡಿದಿರಿ. ಸರಿಯಾಗಿ ಕೂತಿದೆಯಾ ಅಂತ ತಿಳಿಯುವುದು ಸುಲಭ. ನೀವೇ ಮಾತಾಡಿ, ನಿಮ್ಮ ದನಿ ತಲೆಯೊಳಗೆ ಬಿಂದಿಗೆಯಲ್ಲಿ ಮಾತಾಡಿದ ಹಾಗೆ ಗುಮ್ಮೆನ್ನಬೇಕು. ಆಮೇಲೆ ಗಲಾಟೆ ಇರುವ ಕಡೆ ನಿಂತು ಎರಡೂ ಅಂಗೈಯಿಂದ ಕಿವಿ ಮುಚ್ಚಿ, ತೆಗೆಯಿರಿ. ಮುಚ್ಚಿದಾಗ ಸದ್ದು ತಟ್ಟನೆ ಕಡಿಮೆ ಆದರೆ ಎಲ್ಲೋ ಸಂದು ಇದೆ ಅಂತಲೇ ಅರ್ಥ.

ಅಂಗಡಿಯಲ್ಲಿ

ಆನ್‌ಲೈನ್‌ನಲ್ಲಿ ಅಗ್ಗ ಸಿಗಬಹುದು, ಆದರೂ ಒಂದು ಸಲ ಹೆಲ್ಮೆಟ್ ತಗೊಂಡು ಬುಧವಾರ ಪೇಠೆಯ ತಾಪಕೀರ್ ಗಲ್ಲಿ ಕಡೆ ಹೋಗಿ ಬನ್ನಿ ಅಂತ ನಾನು ಹೇಳುತ್ತೇನೆ. ಪ್ರದರ್ಶನಕ್ಕಿಟ್ಟ ಬಡ್ ಇದ್ದರೆ ನಿಮ್ಮದೇ ಹೊಸ ಟಿಪ್ ಸಿಕ್ಕಿಸಿ ಹಾಕಿಕೊಳ್ಳಿ, ಮೇಲೆ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿಯಿರಿ. ಹಾಕುವಾಗ ಪಟ್ಟಿಗಳನ್ನು ಎರಡೂ ಕೈಯಿಂದ ಹೊರಕ್ಕೆ ಎಳೆದು ಹೆಲ್ಮೆಟ್ ಅಗಲಿಸಿಕೊಂಡು ಇಳಿಸಿ, ಬಡ್ ಸರಿಯುವುದಿಲ್ಲ. ಈಗ ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿ, ಹಿಂದಿನ ಗಾಡಿ ನೋಡುವಾಗ ತಿರುಗಿಸುವಷ್ಟು. ಬಾಯಿ ತೆರೆದು ಮುಚ್ಚಿ. ಬಡ್ ಅಲುಗಿತಾ? ಕಿವಿಯ ಅಂಚಿಗೆ ಒತ್ತಿತಾ? ಐದು ನಿಮಿಷಕ್ಕೆ ಒತ್ತುವ ಬಡ್ ಸಾತಾರಾ ಬರುವಷ್ಟರಲ್ಲಿ ಕಣ್ಣಲ್ಲಿ ನೀರು ತರಿಸುತ್ತದೆ. ಹೆಲ್ಮೆಟ್ ತೆಗೆಯುವಾಗ ಬಡ್ ಕಿವಿಯಲ್ಲೇ ಉಳಿಯಬೇಕು. ತೆಳ್ಳನೆಯ ಬಾಲಾಕ್ಲಾವಾ, ಅಂದರೆ ತಲೆಗವಸು, ಬಡ್ ಮೇಲೆ ಹಾಕಿಕೊಂಡರೆ ಇದು ಇನ್ನೂ ಸಲೀಸು. ಕತ್ತಿನ ಸುತ್ತ ಬರುವ ಗಾಳಿಯನ್ನೂ ಅದು ತಡೆಯುತ್ತದೆ.

ಬಡ್ ಕೂರುವುದಕ್ಕೆ ಜಾಗ ಬೇಕು ಅಂತ ಸಡಿಲ ಹೆಲ್ಮೆಟ್ ಮಾತ್ರ ತಗೋಬೇಡಿ. ಐಎಸ್‌ಐ ಗುರುತಿನ, ತಲೆಗೆ ಬಿಗಿಯಾದ ಹೆಲ್ಮೆಟ್ಟೇ ಮೊದಲು. ಅದಕ್ಕೆ ಬಡ್ ಹೊಂದಬೇಕು.

ಹಾಡೇ ಬೇಡ ಅನ್ನುವವರಿಗೆ

ಬರೀ ಗಾಳಿ ಸದ್ದು ಕಡಿಮೆಯಾದರೆ ಸಾಕು ಅನ್ನುವವರಿಗೆ ಫೋಮ್ ಇಯರ್‌ಪ್ಲಗ್‌ಗಿಂತ ಒಳ್ಳೆಯದು ಇನ್ನೊಂದಿಲ್ಲ. ಭೋಸರಿ, ಚಿಂಚವಾಡದ ಕಾರ್ಖಾನೆಗಳಿಗೆ ಸೇಫ್ಟಿ ಸಾಮಾನು ಮಾರುವ ಅಂಗಡಿಗಳಲ್ಲಿ, ದೊಡ್ಡ ಮೆಡಿಕಲ್ ಶಾಪ್‌ಗಳಲ್ಲಿ ಕೇಳಿ. ಬೆಲೆ ತೀರಾ ಕಡಿಮೆ. ಪಾಕೀಟಿನ ಮೇಲೆ ಎನ್‌ಆರ್‌ಆರ್ ಅಥವಾ ಎಸ್‌ಎನ್‌ಆರ್ ಅಂತ ಒಂದು ಅಂಕಿ ಇರುತ್ತದೆ, ಪ್ಲಗ್ ಎಷ್ಟು ಡೆಸಿಬೆಲ್ ಸದ್ದು ತಡೆಯುತ್ತದೆ ಅನ್ನೋದೇ ಅದು. ಮೊದಲನೆಯದು ಅಮೆರಿಕದ ಅಳತೆ, ಎರಡನೆಯದು ಯುರೋಪಿನದು. ಒಂದೇ ಪ್ಲಗ್ಗಿಗೆ ಎರಡರಲ್ಲೂ ಬೇರೆ ಬೇರೆ ಅಂಕಿ ಬರುತ್ತದೆ, ಅದಕ್ಕೇ ಒಂದನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಲ್ಯಾಬಿನಲ್ಲಿ 33 ಬಂದ ಪ್ಲಗ್ಗು ಸರಿಯಾಗಿ ಹಾಕದಿದ್ದರೆ ಅರ್ಧವೂ ತಡೆಯುವುದಿಲ್ಲ. ಹೆಲ್ಮೆಟ್ಟಿನಲ್ಲಿ ಬ್ಲೂಟೂತ್ ಸ್ಪೀಕರ್ ಹಾಕಿಸಿಕೊಂಡಿರುವವರು ಕೂಡ ಪ್ಲಗ್ ಹಾಕಿ ನೋಡಿ. ಗಾಳಿ ತಗ್ಗುವುದರಿಂದ ದಾರಿ ಹೇಳುವ ಮಾತು ಇನ್ನೂ ಸ್ಪಷ್ಟವಾಗುತ್ತದೆ.

ಕಿವಿ ಮುಚ್ಚಿದರೆ ಹಾರ್ನ್ ಕೇಳಿಸುತ್ತದಾ ಅಂತ ಎಲ್ಲರೂ ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಹೈವೇ ವೇಗದಲ್ಲಿ ಪ್ಲಗ್ ಗಾಳಿಯನ್ನೂ ತಗ್ಗಿಸುತ್ತದೆ, ಹಾರ್ನನ್ನೂ ತಗ್ಗಿಸುತ್ತದೆ, ಹಾಗಾಗಿ ಗಾಳಿ ನಡುವೆ ಹಾರ್ನ್ ಗೊತ್ತಾಗುವುದು ನಿಲ್ಲುವುದಿಲ್ಲ. ಹಾರ್ನನ್ನು ಮುಚ್ಚಿಹಾಕುವುದು ಹಾಡು. ಅದಕ್ಕೇ ವಾಲ್ಯೂಮನ್ನು ಗಾಡಿ ನಿಂತಿರುವಾಗಲೇ ಹೊಂದಿಸಿ: ಪಕ್ಕದಲ್ಲಿ ನಿಂತವರು ಜೋರಾಗಿ ಕರೆದರೆ ಕೇಳಿಸಬೇಕು, ಅಷ್ಟು. ವೇಗ ಏರಿದ ಮೇಲೆ ಹಾಡು ಕೇಳಿಸದಿದ್ದರೆ ವಾಲ್ಯೂಮ್ ಏರಿಸಬೇಡಿ, ನಿಲ್ಲಿಸಿ ಟಿಪ್ ಸರಿಮಾಡಿ.

ಊರೊಳಗೆ ಮಾತ್ರ ಬೇಡ. ಹಿಂಜವಡಿಯ ಸಂಜೆಯ ಟ್ರಾಫಿಕ್ಕಿನಲ್ಲಿ, ಸ್ವಾರಗೇಟಿನಲ್ಲಿ ಬಸ್ಸುಗಳ ನಡುವೆ, ಗಾಳಿ ಸದ್ದೇ ಇಲ್ಲದ ಕಡೆ ಕಿವಿ ಮುಚ್ಚಿಕೊಳ್ಳುವುದರಿಂದ ಲಾಭವಿಲ್ಲ, ಎಡಗಡೆ ನುಗ್ಗಿ ಬರುವ ರಿಕ್ಷಾ ಗೊತ್ತಾಗುವುದಿಲ್ಲ. ಪೊಲೀಸರು ನಿಲ್ಲಿಸಬಹುದು ಕೂಡ. ಫೋನ್ ಕೈಯಲ್ಲಿ ಹಿಡಿದು ಗಾಡಿ ಓಡಿಸುವುದಂತೂ 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಡಿ ಅಪಾಯಕಾರಿ ಚಾಲನೆ ಅಂತಲೇ ಲೆಕ್ಕ. ಕಾತ್ರಜ್ ಸುರಂಗ ದಾಟಿದ ಮೇಲೆ ಪಕ್ಕಕ್ಕೆ ನಿಲ್ಲಿಸಿ ಹಾಕಿಕೊಳ್ಳಿ, ಕೊಲ್ಹಾಪುರದ ಊರೊಳಗೆ ಹೋಗುವುದಿದ್ದರೆ ತೆಗೆಯಿರಿ.

ಊರು ಮುಟ್ಟಿದ ಮೇಲೆ ಸಿಲಿಕಾನ್ ಟಿಪ್ಪನ್ನು ಬಡ್ಡಿನಿಂದ ಬಿಚ್ಚಿ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಫೋಮ್ ಟಿಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಕಿವಿ ಸೋರುತ್ತಿದ್ದರೆ, ನೋವಿದ್ದರೆ, ತಮಟೆಯಲ್ಲಿ ತೂತು ಇದೆ ಅಂತ ಡಾಕ್ಟರ್ ಹೇಳಿದ್ದರೆ ಬಡ್ಡೂ ಬೇಡ, ಪ್ಲಗ್ಗೂ ಬೇಡ. ಗುಂಯ್ ಅನ್ನುವ ಸದ್ದು ಮಾರನೇ ದಿನವೂ ಹೋಗದಿದ್ದರೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಅನ್ನುವ ಪರೀಕ್ಷೆ, ಮಾಡಿಸಿ. ವಾಪಸ್ ಪುಣೆಗೆ ಹೊರಡುವ ಮುಂಚೆಯೇ ಮಾಡಿಸಿ.